ಫೋಟೊ ಹಿಂದಿನ ಬರಹ

ಲಿಂಗಸುಗೂರು ಹತ್ತಿರದ ನಮ್ಮ ಊರ ಮನೆಯಲ್ಲಿ ಫೋಟೊಗಳ ಟ್ರಂಕು ಇದ್ದದ್ದು ಅಟ್ಟದ ಮೇಲೆ, ತಗಡಿನ ಕೆಳಗೆ. ರಾಯಚೂರು ಕಡೆಯ ಬೇಸಿಗೆ ಗೊತ್ತಲ್ಲ, ಮೇ ತಿಂಗಳಲ್ಲಿ ಅದನ್ನು ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ತೆರೆದು ನೋಡಿದರೆ ಮುತ್ಯಾನ, ಅಂದರೆ ಅಜ್ಜನ, ಕಾಲದ ಕಪ್ಪು ಬಿಳುಪು ಫೋಟೊಗಳು ಚೆನ್ನಾಗೇ ಇದ್ದವು. ಅಪ್ಪನ ಮದುವೆಯ ಕಲರ್ ಫೋಟೊಗಳು ಮಾತ್ರ ಪೂರಾ ಕೆಂಪಾಗಿದ್ದವು. ಕಪ್ಪು ಬಿಳುಪು ಫೋಟೊದಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯಿಂದ. ಕಲರ್ ಫೋಟೊದಲ್ಲಿರುವುದು ಬಣ್ಣ, ಕತ್ತಲಲ್ಲಿಟ್ಟರೂ ಕಾವಿಗೆ ಅದು ಮಾಸುತ್ತದೆ. ಹಾಗಾಗಿ ಟ್ರಂಕನ್ನು ಕೆಳಗಿನ ಒಳಕೋಣೆಗೆ ತಂದೆ, ಕಲರ್ ಫೋಟೊಗಳನ್ನೇ ಮೊದಲು ಸ್ಕ್ಯಾನ್ ಮಾಡಲು ಕೂತೆ.

ಅದಕ್ಕೂ ಮುಂಚೆ ಒಂದು ಸ್ಟುಡಿಯೋಗೆ ಐದು ಫೋಟೊ ಕೊಟ್ಟು ನೋಡಿದ್ದೆ. ಮುತ್ಯಾನನ್ನು ಬೆಳ್ಳಗೆ ಮಾಡಿ, ಹಿಂದೆ ನೀಲಿ ಪರದೆ ಹಾಕಿ ಕೊಟ್ಟರು! ಸ್ವಂತ ಸ್ಕ್ಯಾನರ್ ಕೊಂಡದ್ದು ಆಮೇಲೆ. ಸಾಮಾನ್ಯ ಫೋಟೊಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ), ಪಾಸ್‌ಪೋರ್ಟ್ ಅಳತೆಯದಕ್ಕೆ 1200 ಇಟ್ಟುಕೊಂಡೆ. ಅಂಟಿನ ಆಲ್ಬಮ್ಮಿನಿಂದ ಎಳೆಯಲು ಹೋಗಿ ಅತ್ತೆಯ ಫೋಟೊದ ಮೂಲೆ ಹರಿದೆ. ಆಮೇಲೆ ಕೀಳುವ ಗೋಜಿಗೇ ಹೋಗಲಿಲ್ಲ, ಪುಟ ಸಮೇತ ಸ್ಕ್ಯಾನ್ ಮಾಡಿದೆ. ಗಾಜಿಗೆ ಅಂಟಿಕೊಂಡಿದ್ದವನ್ನೂ ಗಾಜಿನ ಮೇಲಿಂದಲೇ.

ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು ಅಂತ ಹೊಳೆದದ್ದು ತಡವಾಗಿ. ಮುತ್ಯಾನ ಜೊತೆ ಒಬ್ಬ ಹುಡುಗ ನಿಂತಿರುವ ಫೋಟೊ ಒಂದಿದೆ. ಅವನು ದೊಡ್ಡಪ್ಪ ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಹಿಂದೆ ಉರ್ದುವಿನಲ್ಲಿ ಎರಡು ಸಾಲು, ಕೊನೆಗೆ 1352. ಮುಸ್ಲಿಮರ ಹಿಜರಿ ಇಸವಿ ಇರಬೇಕೆಂದು ಲೆಕ್ಕ ಹಾಕಿದೆ, 1933 ಬಂತು. ದೊಡ್ಡಪ್ಪ ಹುಟ್ಟಿದ್ದೇ 1937ರಲ್ಲಿ! ಹಾಗಾದರೆ ಹುಡುಗ ಯಾರು? ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ನಮ್ಮ ಓಣಿಯ ನಿವೃತ್ತ ಉರ್ದು ಮಾಸ್ತರರಿಗೆ ತೋರಿಸಿದೆ.

"ಇದು ಹಿಜರಿ ಅಲ್ಲಪ್ಪ, ಫಸಲಿ, ಕಂದಾಯದ ಲೆಕ್ಕದ ಇಸವಿ," ಅಂದರು ನಕ್ಕು. "590 ಕೂಡಿಸು."

1942. ಹುಡುಗನಿಗೆ ಐದು ವರ್ಷ, ಸರಿಹೋಯಿತು. 1948ರ ತನಕ ನಾವು ನಿಜಾಮನ ರಾಜ್ಯದಲ್ಲಿದ್ದೆವು, ಸರ್ಕಾರಿ ಕಾಗದಗಳಲ್ಲೆಲ್ಲ ಫಸಲಿ ಇಸವಿಯೇ ಇರುತ್ತಿತ್ತು. ನಮ್ಮ ಕಡೆಯ ಹಳೆ ಫೋಟೊ, ಪಹಣಿ ಇಟ್ಟುಕೊಂಡವರು ಇದೊಂದು ನೆನಪಿಡಿ.

ಹೆಸರುಗಳಿಗಾಗಿ ದೊಡ್ಡವ್ವನ ಪಕ್ಕ ದಿನಾ ಸಂಜೆ ಕೂತೆ. ಒಂದು ಸಲಕ್ಕೆ ಹತ್ತೇ ಫೋಟೊ, ಜಾಸ್ತಿ ಆದರೆ ಅವಳಿಗೆ ಸುಸ್ತು. ಮೊಬೈಲಿನಲ್ಲಿ ಅವಳ ಮಾತು ರೆಕಾರ್ಡ್ ಮಾಡಿಕೊಂಡು, ಮೆತ್ತನೆಯ ಪೆನ್ಸಿಲ್ಲಿನಿಂದ ಫೋಟೊ ಹಿಂದೆ ಬರೆದೆ. ಬಾಲ್‌ಪೆನ್ ಒತ್ತಿದರೆ ಮುಂದೆ ಗೀರು ಮೂಡುತ್ತದೆ. ಫೈಲುಗಳು ಈಗ ನನ್ನ ಹಾರ್ಡ್ ಡಿಸ್ಕಿನಲ್ಲಿ, ಹುಬ್ಬಳ್ಳಿಯ ತಂಗಿ ಹತ್ತಿರ, ಗೂಗಲ್ ಡ್ರೈವಿನಲ್ಲಿ ಇವೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಮಾಡಿಯೇ ಕಳಿಸುತ್ತೇನೆ, ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ.

ಪಡಸಾಲೆ ಗೋಡೆಯ ಮೇಲಿದ್ದ ಮುತ್ಯಾನ ಅಸಲು ಫೋಟೊ ಒಳಗಿಟ್ಟು, ಅದೇ ಚೌಕಟ್ಟಿಗೆ ಪ್ರಿಂಟ್ ಹಾಕಿದೆ. ಗಾಜಿನ ಮೇಲಿದ್ದ ವರ್ಷಗಳ ಕುಂಕುಮ ಒರೆಸಿಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ದೊಡ್ಡವ್ವ ನಿಂತು ನೋಡಿದಳು.

"ಮಾವನ ಹಣಿ ಯಾಕ ಬರೀ ಐತಿ?" ಅಂದು ಬೆರಳು ಅದ್ದಿದಳು.