ಸಿಹಿ ಜೋಳದಲ್ಲಿ ಕಳೆ: ಯಾವ ಔಷಧಿ, ಯಾವಾಗ, ಎಷ್ಟು?

ಸಿಹಿ ಜೋಳದ ಬೀಜವನ್ನು ಅಂಗೈಲಿ ಹಾಕಿಕೊಂಡು ನೋಡಿ. ಸುಕ್ಕುಗಟ್ಟಿ, ಹಗುರವಾಗಿರುತ್ತದೆ. ಒಳಗೆ ಪಿಷ್ಟ ಕಡಿಮೆ. ಹಾಗಾಗಿ ಸಸಿ ನಿಧಾನಕ್ಕೆ ಏಳುತ್ತದೆ. ಅಷ್ಟರಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಕಾಂಗ್ರೆಸ್ ಗಿಡ ಅದನ್ನು ಮೀರಿಸಿ ನಿಂತಿರುತ್ತವೆ. 70–80 ದಿನಕ್ಕೆ ತೆನೆ ಮುರಿಯುವ ಬೆಳೆ ಇದು. ಮೊದಲ 30–40 ದಿನ ಕಳೆಗೆ ಬಿಟ್ಟುಕೊಟ್ಟರೆ ಚೇತರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಕಳೆ ಕೀಳಲು ಆಳು ಸಿಗುವುದೂ ಕಷ್ಟ. ಕೊನೆಗೆ ಎಲ್ಲರೂ ಹೋಗುವುದು ಔಷಧಿ ಅಂಗಡಿಗೆ.

ಅಂಗಡಿಯಲ್ಲಿ ಸಿಗುವ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ‘ಮೆಕ್ಕೆಜೋಳ’ ಎಂದಷ್ಟೇ ಬರೆದಿರುತ್ತದೆ. ಎರಡೂ ಒಂದೇ ಜಾತಿ ಅಲ್ವಾ ಅನ್ನಿಸಬಹುದು. ಆದರೆ ಕಳೆನಾಶಕವನ್ನು ಒಳಗೇ ಮುರಿದುಹಾಕುವ ಒಂದು ಜೀನ್ ಸಿಹಿ ಜೋಳದ ಕೆಲವು ತಳಿಗಳಲ್ಲಿ ಕೆಟ್ಟಿರುತ್ತದೆ. ಪಕ್ಕದ ಹೊಲದ ಮುಸುಕಿನ ಜೋಳಕ್ಕೆ ಏನೂ ಮಾಡದ ಔಷಧಿ ಅಂಥ ತಳಿಯನ್ನು ಸುಟ್ಟುಬಿಡಬಹುದು. ಹೊಸ ತಳಿಯೋ ಹೊಸ ಔಷಧಿಯೋ ಆಗಿದ್ದರೆ ಮೊದಲು ಎರಡೇ ಸಾಲಿಗೆ ಹೊಡೆದು ಒಂದು ವಾರ ಕಾಯಿರಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮೊದಲು ನೀರಿನ ಲೆಕ್ಕ

ಔಷಧಿ ಜಾಸ್ತಿ ಬೀಳುವುದು, ಕಡಿಮೆ ಬೀಳುವುದು ಎರಡೂ ಇಲ್ಲೇ ಶುರುವಾಗುತ್ತದೆ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಗುರುತು ಮಾಡಿ. ಅದು ಒಂದು ಗುಂಟೆ. ಕ್ಯಾನಿಗೆ ಬರೀ ನೀರು ಅಳೆದು ಹಾಕಿ, ನಿಮ್ಮ ಮಾಮೂಲಿ ನಡಿಗೆಯಲ್ಲಿ ಅಷ್ಟಕ್ಕೂ ಸಿಂಪಡಿಸಿ. ಐದು ಲೀಟರ್ ಖರ್ಚಾದರೆ ಎಕರೆಗೆ 200 ಲೀಟರ್ ಆಯಿತು. ಅಂದರೆ 16 ಲೀಟರಿನ ಕ್ಯಾನು ಹನ್ನೆರಡೂವರೆ ಸಲ. ಮೂರೇ ಲೀಟರ್ ಖರ್ಚಾದರೆ ನಡಿಗೆ ನಿಧಾನ ಮಾಡಿ. ಹುಳದ ಔಷಧಿಗೆ ಬಳಸುವ, ಮಂಜಿನಂತೆ ಹಾರುವ ನಾಝಲ್ ಇಲ್ಲಿಗೆ ಬೇಡ. ಬೀಸಣಿಗೆಯ ಹಾಗೆ ಚಪ್ಪಟೆಯಾಗಿ ನೀರು ಬಿಡುವ ನಾಝಲ್ ಹಾಕಿ.

ಬಿತ್ತಿದ ಮೂರು ದಿನದೊಳಗೆ

ಅಟ್ರಾಜಿನ್ ಎಂಬ ಕಳೆನಾಶಕದ ಶೇ 50ರ ಪುಡಿ ಎಕರೆಗೆ 400ರಿಂದ 800 ಗ್ರಾಂ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಕಡಿಮೆ, ಎರೆ ಮಣ್ಣಿಗೆ ಹೆಚ್ಚು. 500 ಗ್ರಾಂ ಎಂದುಕೊಂಡರೆ ಕ್ಯಾನಿಗೆ 40 ಗ್ರಾಂ ಬರುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಸೋಸಿ, ಆಮೇಲೆ ಕ್ಯಾನಿಗೆ ಹಾಕಿ. ಅದು ತಳಕ್ಕೆ ಕೂರುತ್ತದೆ, ಆಗಾಗ ಅಲ್ಲಾಡಿಸುತ್ತಿರಿ. ಮಣ್ಣಿನಲ್ಲಿ ಹದ ಇರಲೇಬೇಕು. ಒಣ ಮಣ್ಣಿಗೆ ಹೊಡೆದರೆ ಸುಮ್ನೆ ದುಡ್ಡು ದಂಡ.

ಹಿಂದಕ್ಕೆ ನಡೆಯುತ್ತಾ ಸಿಂಪಡಿಸಿ. ಮಣ್ಣಿನ ಮೇಲೆ ಕೂತ ತೆಳುವಾದ ಪದರವೇ ಮೊಳೆತ ಕಳೆಯ ಎಳೆ ಸಸಿಯನ್ನು ಕೊಲ್ಲುವುದು, ನಿಮ್ಮ ಹೆಜ್ಜೆಯೇ ಅದನ್ನು ಒಡೆಯಬಾರದು. ಇದೇ ಕಾರಣಕ್ಕೆ ಎರಡು ಮೂರು ವಾರ ಎಡೆಕುಂಟೆ ಹೊಡೆಯಬೇಡಿ.

ಜೋಳದ ನಡುವೆ ಅಲಸಂದೆಯನ್ನೋ ಹುರುಳಿಕಾಯಿಯನ್ನೋ ಹಾಕಿದ್ದರೆ ಅಟ್ರಾಜಿನ್ ಮುಟ್ಟಲೇಬೇಡಿ.

15–20ನೇ ದಿನಕ್ಕೆ

ತಪ್ಪಿಸಿಕೊಂಡು ಹುಟ್ಟಿದ ಕಳೆಗೆ ಎರಡರಿಂದ ನಾಲ್ಕು ಎಲೆ ಬಂದಾಗ ಟೆಂಬೋಟ್ರಯೋನ್ ಹೊಡೆಯಬಹುದು. ಎಕರೆಗೆ 115 ಮಿ.ಲೀ., ಅಂದರೆ ಕ್ಯಾನಿಗೆ ಸುಮಾರು 9 ಮಿ.ಲೀ. ಜೊತೆಗೆ ಕೊಡುವ ಅಂಟು ದ್ರಾವಣವನ್ನೂ ಸೇರಿಸಬೇಕು. ಕಳೆ ಮೊದಲು ಬಿಳುಚಿಕೊಂಡು, ಆಮೇಲೆ ಒಣಗುತ್ತದೆ. ಇದಕ್ಕೆ ಒಂದು ವಾರಕ್ಕೂ ಹೆಚ್ಚು ದಿನ ಬೇಕಾಗಬಹುದು. ಮೂರನೇ ದಿನಕ್ಕೇ ಅವಸರಪಟ್ಟು ಇನ್ನೊಮ್ಮೆ ಹೊಡೆಯಬೇಡಿ. ಎರಡು ಸಾಲಿನ ಪರೀಕ್ಷೆ ತುಂಬಾ ಮುಖ್ಯವಾಗುವುದು ಇಲ್ಲೇ.

ಕೊನ್ನಾರಿ ಗಡ್ಡೆ ಅಟ್ರಾಜಿನ್‌ಗೆ ಬಗ್ಗುವುದಿಲ್ಲ. ಅದಕ್ಕೆ ಹ್ಯಾಲೋಸಲ್ಫ್ಯುರಾನ್ ಇದೆ, ಎಕರೆಗೆ 36 ಗ್ರಾಂ. ಇದನ್ನೂ ಸಿಹಿ ಜೋಳದ ಎಲ್ಲಾ ತಳಿಗಳು ತಡೆಯುವುದಿಲ್ಲ. ಕೊನ್ನಾರಿ ಅಲ್ಲಲ್ಲಿ ಮಾತ್ರ ಇದ್ದರೆ ಗಡ್ಡೆ ಸಮೇತ ಅಗೆದು ತೆಗೆಯುವುದೇ ಒಳ್ಳೆಯದು.

30ನೇ ದಿನದ ಹೊತ್ತಿಗೆ ಯೂರಿಯಾ ಕೊಟ್ಟು, ಬುಡಕ್ಕೆ ಮಣ್ಣು ಏರಿಸಿ. ಉಳಿದ ಕಳೆ ಮಣ್ಣಿನಡಿ ಹೂತುಹೋಗುತ್ತದೆ.

ಇವು ಬೇಡ

ಗ್ಲೈಫೋಸೇಟ್ ಜೋಳವನ್ನೂ ಕೊಲ್ಲುತ್ತದೆ. 2022ರ ಕೇಂದ್ರ ಸರ್ಕಾರದ ಆದೇಶದಲ್ಲಿ ಅದರ ಬಳಕೆಗೆ ನಿರ್ಬಂಧವೂ ಬಂದಿದೆ. 2,4-ಡಿ ಹೊಡೆದರೆ ಸಿಹಿ ಜೋಳದ ದಂಟು ಪೆಡಸಾಗಿ, ಜೋರು ಗಾಳಿಗೆ ಮುರಿಯಬಹುದು. ಚಿಕ್ಕಬಳ್ಳಾಪುರದ ಕಡೆ ಹೊಲದ ಪಕ್ಕದಲ್ಲೇ ದ್ರಾಕ್ಷಿ, ಟೊಮೆಟೊ ಇರುತ್ತದೆ. ಗಾಳಿಯಲ್ಲಿ ತೇಲಿ ಹೋದ ಸ್ವಲ್ಪ 2,4-ಡಿ ಸಾಕು, ಅವುಗಳ ಎಲೆ ಮುರುಟಿಹೋಗುತ್ತದೆ. ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ಉಳಿದರೂ ಇದೇ ಪಾಡು. ಕಳೆನಾಶಕಕ್ಕೆ ಒಂದು ಕ್ಯಾನು ಬೇರೆಯೇ ಇರಲಿ.

ಗಾಳಿ ಇಲ್ಲದ ಬೆಳಗಿನ ಹೊತ್ತು, ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ. ಇದರಲ್ಲಿ ರಾಜಿ ಬೇಡ. ಬೋರ್‌ವೆಲ್ ಹತ್ತಿರ ಔಷಧಿ ಕಲಸುವುದು, ಕ್ಯಾನು ತೊಳೆಯುವುದು ಖಂಡಿತ ಬೇಡ. ಅಟ್ರಾಜಿನ್ ನೀರಿನ ಜೊತೆ ಕೆಳಗಿಳಿಯುತ್ತದೆ. ಅಂತರ್ಜಲಕ್ಕೆ ಸೇರುವ ಭಯದಿಂದಲೇ ಯುರೋಪಿಯನ್ ಒಕ್ಕೂಟ 2004ರಲ್ಲಿ ಅದನ್ನು ಕೈಬಿಟ್ಟಿತು. ನಾವು ಕುಡಿಯುವುದೂ ಅದೇ ಬೋರಿನ ನೀರನ್ನೇ.

ತೆನೆ ಮುರಿದ ಮೇಲೆ

ಹಸಿ ದಂಟು ಹಸುಗಳಿಗೆ ಹೋಗುತ್ತದೆ. ಹೊಡೆದ ದಿನದಿಂದ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಪಾಲಿಸಿ. ಕಳೆನಾಶಕ ಬಿದ್ದ ಕಳೆಯನ್ನು ಕಿತ್ತು ಮೇವಿಗೆ ಹಾಕಬೇಡಿ.

ಸಿಹಿ ಜೋಳ ಬೇಗ ಮುಗಿಯುತ್ತದೆ, ಹಿಂದೆಯೇ ಹುರುಳಿಕಾಯಿ, ಸೌತೆ, ಟೊಮೆಟೊ ಹಾಕುತ್ತೇವೆ. ಮಣ್ಣಿನಲ್ಲಿ ಅಟ್ರಾಜಿನ್ ಇನ್ನೂ ಉಳಿದಿದ್ದರೆ ಅವು ಕೆಡುತ್ತವೆ. ನಾಲ್ಕೈದು ಕಡೆಯಿಂದ ಮೇಲ್ಮಣ್ಣು ತಂದು ಕುಂಡಕ್ಕೆ ತುಂಬಿ, ಹತ್ತು ಸೌತೆ ಬೀಜ ಹಾಕಿ. ಔಷಧಿ ಬೀಳದ ಬದುವಿನ ಮಣ್ಣಿನಲ್ಲೂ ಹತ್ತು ಹಾಕಿ. ಮೊಳಕೆ ಎರಡರಲ್ಲೂ ಬರುತ್ತದೆ, ಮೋಸ ಹೋಗಬೇಡಿ. ಮೂರು ವಾರ ನೋಡಿ. ಹೊಲದ ಮಣ್ಣಿನ ಗಿಡದಲ್ಲಿ ಮಾತ್ರ ಎಲೆಯ ಅಂಚು ಹಳದಿಯಾಗಿ ಸುಟ್ಟಂತೆ ಕಂಡರೆ, ಆ ಹೊಲಕ್ಕೆ ಈ ಸಲವೂ ಜೋಳವನ್ನೇ ಬಿತ್ತಿ, ಅಟ್ರಾಜಿನ್ ಇಲ್ಲದೆ.