ಯೆಜ್ಡಿಗೆ 12 ವೋಲ್ಟ್: ಎಂಜಿನ್ ಉಳಿಸಿಕೊಂಡು ಮಾಡಿದ ಕೆಲಸ

ಮಳೆಗಾಲದ ರಾತ್ರಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದವರಿಗೆ 6 ವೋಲ್ಟಿನ ಹೆಡ್‌ಲೈಟ್ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ತಿರುವಿನಲ್ಲಿ ಎಂಜಿನ್ ನಿಧಾನವಾದ ಕೂಡಲೇ ಬೆಳಕು ಚಿಮಣಿ ದೀಪದಷ್ಟಾಗುತ್ತದೆ. ಅಪ್ಪಯ್ಯನಿಂದ ನನಗೆ ಬಂದ ಯೆಜ್ಡಿ 250 ಬೈಕಿನಲ್ಲಿ ಇದರ ಜೊತೆಗೆ ಪಾಯಿಂಟಿನ, ಅಂದರೆ ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸ್ವಿಚ್ಚಿನ, ಕಾಟವೂ ಇತ್ತು. ಕಡಲ ಕಡೆಯ ಉಪ್ಪುಗಾಳಿಗೆ ಪಾಯಿಂಟು ಬೇಗ ಕಿಲುಬು ಹಿಡಿಯುತ್ತದೆ. 0.4 ಮಿ.ಮೀ. ಗ್ಯಾಪ್ ಇಟ್ಟು ಬಂದರೂ ಸ್ವಲ್ಪ ದಿನಕ್ಕೇ ಮತ್ತೆ ಉಜ್ಜುವ ಕೆಲಸ.

ಹೊಸ ಫೋರ್ ಸ್ಟ್ರೋಕ್ ಎಂಜಿನ್ ಕೂರಿಸಿಬಿಡು ಎಂದವರು ಬಹಳ ಜನ. ನಾನು ಒಪ್ಪಲಿಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಾದವು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇರುವ ಆ ಎಂಜಿನ್ ಹೋದರೆ ಉಳಿಯುವುದು ಟ್ಯಾಂಕಿನ ಮೇಲಿನ ಹೆಸರು ಮಾತ್ರ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಆರ್‌ಟಿಒ ಒಪ್ಪಿಗೆ ಇಲ್ಲದೆ ಅದನ್ನು ಬದಲಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇರುವುದೇ ಇದಕ್ಕೆ. ಅಪಘಾತವಾದರೆ ವಿಮೆಯವರೂ ಮೊದಲು ಕೇಳುವುದು ಅದನ್ನೇ.

ಹಾಗಾಗಿ ಫ್ರೇಮನ್ನು ಎಲ್ಲೂ ಕೊರೆಯದೆ, ಕತ್ತರಿಸದೆ ಕೂರುವ, ಪಾಯಿಂಟೇ ಬೇಡದ, ಕಿಡಿಯನ್ನೂ 12 ವೋಲ್ಟ್ ಕರೆಂಟನ್ನೂ ಕೊಡುವ ಚೆಕ್ ದೇಶದ ವೇಪ್ ಕಿಟ್ ತರಿಸಿದೆ. ಹಳೇ ಡೈನಮೋ ಜಾಗಕ್ಕೆ ಅಯಸ್ಕಾಂತದ ರೋಟರ್ ಬರುತ್ತದೆ. ಬ್ಯಾಟರಿ ಪೂರ್ತಿ ಸತ್ತರೂ ಕಿಡಿ ಹುಟ್ಟುತ್ತದೆ. ಘಟ್ಟದ ನಡುವೆ ನಿಂತವರಿಗೆ ಇದರ ಬೆಲೆ ಗೊತ್ತು.

ಈ ಕೆಲಸದಲ್ಲಿ ಜೀವ ಇರುವುದು ಟೈಮಿಂಗಿನಲ್ಲಿ, ಅಂದರೆ ಕಿಡಿ ಸರಿಯಾದ ಹೊತ್ತಿಗೆ ಬರುವುದರಲ್ಲಿ. ರೋಟರನ್ನು ಹಿಡಿದಿಡಲು ಕ್ರ್ಯಾಂಕಿನಲ್ಲಿ ಕೀ (ಜಾರದಂತೆ ತಡೆಯುವ ಲೋಹದ ತುಂಡು) ಇರುವುದಿಲ್ಲ, ಓರೆಯ ಶಾಫ್ಟಿನ ಮೇಲೆ ಬಿಗಿತದಿಂದಲೇ ನಿಲ್ಲಬೇಕು. ಶಾಫ್ಟಿನ ತುದಿ, ರೋಟರಿನ ಒಳಮೈ ಎರಡನ್ನೂ ಎಣ್ಣೆಯ ಪಸೆ ಹೋಗುವ ಹಾಗೆ ಥಿನ್ನರಿನಲ್ಲಿ ಒರೆಸಿದೆ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಳಿಸಿ, ಪಿಸ್ಟನ್ ತುತ್ತತುದಿಗೆ ಬಂದಾಗ ಮುಳ್ಳನ್ನು ಸೊನ್ನೆಗೆ ತಂದು, ಕೈಪಿಡಿ ಹೇಳಿದಷ್ಟು ಹಿಂದಕ್ಕೆ ತಿರುಗಿಸಿ, ರೋಟರಿನ ಗೆರೆಯನ್ನು ತಿರುಗದೆ ನಿಲ್ಲುವ ಭಾಗವಾದ ಸ್ಟೇಟರಿನ ಗೆರೆಗೆ ಕೂಡಿಸಿದೆ. “ಬಿಗಿ ಮಾಡೂಕೆ ಮುಂಚೆ ಇನ್ನೊಂದ್ಸಲ ನೋಡು ತಮಾ” ಎಂದರು ಗ್ಯಾರೇಜಿನ ಹಿರಿಯರು. ಬಿಗಿದ ಮೇಲೆಯೂ ನೋಡಬೇಕು, ಏಕೆಂದರೆ ಸ್ಪ್ಯಾನರಿನ ಎಳೆತಕ್ಕೇ ರೋಟರ್ ಕೂದಲೆಳೆಯಷ್ಟು ಸರಿಯುತ್ತದೆ. ಕಿಡಿ ಬೇಗ ಬಂದರೆ ಕಿಕ್ ಕಾಲಿಗೆ ವಾಪಸ್ ಹೊಡೆಯುತ್ತದೆ, ಪಿಸ್ಟನ್ ಬಿಸಿಯೇರುತ್ತದೆ. ತಡವಾದರೆ ಘಟ್ಟದಲ್ಲಿ ಎಳೆತವೇ ಇರುವುದಿಲ್ಲ.

ಡೈನಮೋ ಬಿಚ್ಚಿದಾಗಲೇ ಅದರ ಹಿಂದಿನ ಕ್ರ್ಯಾಂಕ್ ಸೀಲನ್ನೂ ಹೊಸದು ಹಾಕಿಸಿ. ಟೂ ಸ್ಟ್ರೋಕಿನಲ್ಲಿ ಆ ಸೀಲು ಸೋರಿದರೆ ಎಂಜಿನ್ ಹೊರಗಾಳಿ ಎಳೆದುಕೊಂಡು, ಪೆಟ್ರೋಲಿನ ಪಾಲು ಕಡಿಮೆಯಾಗಿ, ಪಿಸ್ಟನ್ ಜಾಮ್ ಆಗುತ್ತದೆ. ಎಷ್ಟೋ ಜನ ಹೊಸ ಇಗ್ನಿಷನ್ನನ್ನು ಬೈಯುವುದು ಈ ಸೀಲಿನ ತಪ್ಪಿಗೆ.

ಬಲ್ಬು, ಹಾರ್ನು ಎಲ್ಲ 12 ವೋಲ್ಟಿನವೇ ಆಗಬೇಕು. ವೈರಿಂಗಿನಲ್ಲಿ ಅರ್ತಿಂಗಿಗೆ ಫ್ರೇಮನ್ನೇ ನಂಬದೆ ಬೇರೆ ವೈರ್ ಎಳೆದೆ. ಕರಾವಳಿಯಲ್ಲಿ ಬೋಲ್ಟಿನ ಬುಡಕ್ಕೆ ತುಕ್ಕು ಬಂದರೆ ಕರೆಂಟು ದಾರಿ ತಪ್ಪುತ್ತದೆ.

ಕೊನೆಗೆ ಕಾರ್ಬ್ಯುರೇಟರ್. ಹಳೇ ಜಿಕೋವ್ ಸವೆದು ಸಡಿಲವಾಗಿದ್ದರಿಂದ ಮಿಕುನಿ ಮಾದರಿಯದು ಹಾಕಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪು ತಡೆಯುವುದಿಲ್ಲ, ಅದನ್ನೂ ಬದಲಿಸಿದೆ. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನ ಪೆಟ್ರೋಲ್ ಇಳಿಸಿಡುತ್ತೇನೆ. ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತಿನ ತುಂಡು, ಮೊದಲು ದೊಡ್ಡದೇ ಹಾಕಿ, ದೇವಿಮನೆ ಹತ್ತಿ, ಮೇಲೆ ಎಂಜಿನ್ ಬಂದ್ ಮಾಡಿ ಪ್ಲಗ್ ಬಿಚ್ಚಿ ನೋಡುತ್ತಾ ಒಂದೊಂದೇ ಸೈಜು ಇಳಿಸಿದೆ. ಪ್ಲಗ್ಗಿನ ಮೂತಿ ಕಾಫಿಪುಡಿ ಬಣ್ಣಕ್ಕೆ ಬಂದಲ್ಲಿಗೆ ನಿಲ್ಲಿಸಿ. ಬಿಳಿಚಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ, ಮುಂದೆ ಓಡಿಸಬೇಡಿ.