ಆಪರೇಷನ್ ಆದ ದಿನವೇ ಊರಿಗೆ ಹೊರಟರೆ: ದಾರಿಯಲ್ಲಿ ವಾಂತಿಯಾಗದಂತೆ ನೋಡಿಕೊಳ್ಳುವುದು ಹೇಗೆ?

ಕಲಬುರಗಿಯಲ್ಲಿ ಬೆಳಿಗ್ಗೆ ಹರ್ನಿಯಾ ಆಪರೇಷನ್ ಮುಗಿಸಿ ಸಂಜೆ ಸೇಡಂಗೋ ಚಿಂಚೋಳಿಗೋ ಹೊರಟವರಿಗೆ, ಆಸ್ಪತ್ರೆಯಲ್ಲಿ ಇಲ್ಲದ ವಾಂತಿ ದಾರಿಯಲ್ಲಿ ಶುರುವಾಗಬಹುದು. ವಾಂತಿ ತಡೆಯಲು ಆಸ್ಪತ್ರೆಯಲ್ಲಿ ಕೊಡುವ ಒಂಡಾನ್ಸೆಟ್ರಾನ್ ಇಂಜೆಕ್ಷನ್ನಿನ ಬಲ ಕೆಲವು ತಾಸಿನದು. ಅದು ಇಳಿಯುವ ಹೊತ್ತಿಗೇ ಗಾಡಿಯ ಕುಲುಕಾಟ ಸೇರುತ್ತದೆ.

ಮೊದಲ ಕೆಲಸ, ಅರಿವಳಿಕೆ ವೈದ್ಯರಿಗೆ ಎಲ್ಲ ಹೇಳುವುದು. ಅವರು ನೋಡುವ ಅಂಶಗಳು ನಾಲ್ಕು: ಹೆಣ್ಣಾಗಿರುವುದು, ಬೀಡಿ-ಸಿಗರೇಟು ಸೇದದಿರುವುದು, ಹಿಂದಿನ ಆಪರೇಷನ್ ನಂತರ ಅಥವಾ ಬಸ್ಸಿನಲ್ಲಿ ವಾಂತಿಯಾದದ್ದು, ಆಪರೇಷನ್ ಆದ ಮೇಲೆ ಮಾರ್ಫಿನ್, ಟ್ರಮಡಾಲ್ ಜಾತಿಯ ನೋವಿನ ಔಷಧ ಬೇಕಾಗುವುದು. ಒಂದೂ ಇಲ್ಲದಿದ್ದರೆ ವಾಂತಿ-ಓಕರಿಕೆಯ ಸಂಭವ ಶೇ 10ರಷ್ಟು. ಒಂದಿದ್ದರೆ 20, ಎರಡಕ್ಕೆ 40, ಮೂರಕ್ಕೆ 60, ನಾಲ್ಕೂ ಇದ್ದರೆ 80. (ಹಾಗಂತ ಬೀಡಿ ಹಚ್ಚಬೇಡಿ, ಗಾಯ ಮಾಯುವುದು ತಡವಾಗುತ್ತದೆ.) ಸಂಭವ ಹೆಚ್ಚಿದ್ದವರಿಗೆ ಒಂದೇ ಔಷಧ ಸಾಲದು. ಅರಿವಳಿಕೆ ಕೊಟ್ಟ ಕೂಡಲೇ ಡೆಕ್ಸಾಮೆಥಾಸೋನ್ 4ರಿಂದ 8 ಮಿ.ಗ್ರಾಂ, ಮುಗಿಯುವಾಗ ಒಂಡಾನ್ಸೆಟ್ರಾನ್ 4 ಮಿ.ಗ್ರಾಂ ಕೊಡುವುದು ರೂಢಿ. ಅರಿವಳಿಕೆಗೆ ಗ್ಯಾಸ್ ಬದಲು ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್, ಸಾಧ್ಯವಿದ್ದಲ್ಲಿ ಆ ಭಾಗವನ್ನಷ್ಟೇ ಮರಗಟ್ಟಿಸುವ ನರದ ಬ್ಲಾಕ್ ಇನ್ನೂ ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದರೆ ಮರೆಯದೆ ತಿಳಿಸಿ. ಡೆಕ್ಸಾಮೆಥಾಸೋನ್ ಸಕ್ಕರೆ ಏರಿಸುತ್ತದೆ.

ಇನ್ನು ಆಪರೇಷನ್‌ಗೆ ಮುಂಚಿನ ಉಪವಾಸ. ‘ರಾತ್ರಿಯಿಂದ ಹನಿ ನೀರೂ ಬೇಡ’ ಎಂದು ಮನೆಯವರು ತಡೆಯುವುದುಂಟು. ನಮ್ಮ ಬೇಸಿಗೆಯಲ್ಲಿ ಮೈಯೊಳಗಿನ ನೀರು ಕಡಿಮೆಯಾದರೆ ತಲೆ ಸುತ್ತಿ ಓಕರಿಕೆ ಹೆಚ್ಚುತ್ತದೆ. ಸಾಮಾನ್ಯ ನಿಯಮ ಹೀಗಿದೆ: ಮಿರ್ಚಿ ಭಜ್ಜಿ, ಮಾಂಸದಂಥ ಜಿಡ್ಡಿನದಕ್ಕೆ 8 ತಾಸು, ಹಗುರ ಊಟ ಮತ್ತು ಹಾಲಿಗೆ 6, ಬರೀ ನೀರು ಅಥವಾ ಹಾಲಿಲ್ಲದ ಚಹಾಕ್ಕೆ 2. ಮಜ್ಜಿಗೆ, ಅಂಬಲಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ವೈದ್ಯರು ಹೇಳಿದ ವೇಳೆಯನ್ನೇ ಪಾಲಿಸಬೇಕು.

ಎಚ್ಚರವಾದ ಮೇಲೆ ಗಡಬಡಿಸಿ ಏಳಬೇಡಿ. ಮೊದಲು ಕೂತು, ಆಮೇಲೆ ನಿಲ್ಲಿ. ಆಪರೇಷನ್ ಮಾಡಿದವರು ಒಪ್ಪಿದರೆ ಗುಟುಕು ಗುಟುಕಾಗಿ ನೀರು. ಒತ್ತಾಯದಿಂದ ಉಣಿಸುವುದು ತಪ್ಪು. ಹೊರಡುವ ಮುಂಚೆ ಬಾಯಲ್ಲಿ ಕರಗುವ ಒಂಡಾನ್ಸೆಟ್ರಾನ್ ಗುಳಿಗೆ ಬರೆಸಿಕೊಂಡು, ಎಷ್ಟು ತಾಸಿಗೊಂದು ಎಂದು ಚೀಟಿಯಲ್ಲೇ ಗುರುತು ಹಾಕಿಸಿ. ಈ ಗುಳಿಗೆಯಿಂದ ತಲೆನೋವು, ಮಲಬದ್ಧತೆ ಆಗಬಹುದು. ಹೃದಯದ ಬಡಿತದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಗಾಡಿಯಲ್ಲಿ ಮುಂದಿನ ಸೀಟು ಹಿಡಿದು ದೂರದ ರಸ್ತೆ ನೋಡುತ್ತಾ ಕೂಡಿ, ಮೊಬೈಲ್ ಒಳಗಿಡಿ. ಪ್ಲಾಸ್ಟಿಕ್ ಚೀಲ ಕೈಯಲ್ಲಿರಲಿ.

ಮನೆಯಲ್ಲಿ ಗಂಜಿ, ಮೆತ್ತನೆಯ ಅನ್ನದಿಂದ ಶುರು ಮಾಡಿ. ಖಾರ, ಕರಿದದ್ದು ಮರುದಿನಕ್ಕಿರಲಿ. ಟ್ರಮಡಾಲ್ ನುಂಗಿದಾಗಲೆಲ್ಲ ಹೊಟ್ಟೆ ತೊಳಸಿದರೆ ಫೋನ್ ಮಾಡಿ ಬೇರೆ ಗುಳಿಗೆ ಕೇಳಿ. ನೀರೂ ನಿಲ್ಲದಿದ್ದರೆ, ಮೂತ್ರ ಕಟ್ಟಿದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ನೋವು ಏರುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.